ಗುಬ್ಬಿಯೋ ಊರಿನ ತೋಳ

ಕೇಳುಗರಿಗೆಲ್ಲ ನಮಸ್ಕಾರ. ಅಕ್ಟೋಬರ್ 4 ಪ್ರಾಣಿಪ್ರಿಯರೆಂದೇ ಹೆಸರಾದ, ಇಟಲಿಯ ಅಸ್ಸಿಸಿ ಊರಿನ ಸಂತ ಫ್ರಾನ್ಸಿಸರ ಹಬ್ಬ. ಆ ಹೊತ್ತಿಗೆ ಅನೇಕ ಚರ್ಚುಗಳಲ್ಲಿ ನಾಯಿ, ಬೆಕ್ಕು, ಮೊಲಗಳನ್ನು ಕರೆತಂದು ಆಶೀರ್ವಾದ ಮಾಡಿಸುತ್ತಾರೆ. ಮಾಡಿಸಿ, ಬಹಳ ಒಳ್ಳೆಯದು. ಆದರೆ ಸಾಕಿದ ಜೀವಕ್ಕೆ ಹೊತ್ತುಹೊತ್ತಿಗೆ ಊಟ ಹಾಕಬೇಕು. ಇವತ್ತು ನಾನು ಹೇಳುವುದು ಇದೊಂದೇ.

ಇಟಲಿಯ ಗುಬ್ಬಿಯೋ ಊರಿನ ಕಥೆ ಕೇಳಿ. ಫ್ರಾನ್ಸಿಸರು ತೀರಿಕೊಂಡದ್ದು 1226ರಲ್ಲಿ. ಈ ಕಥೆ ಬರಹಕ್ಕೆ ಇಳಿದದ್ದು ನೂರು ವರ್ಷ ಕಳೆದ ಮೇಲೆ. ಭಾರೀ ತೋಳವೊಂದು ದನಕರು ಸಾಲದೆ ಮನುಷ್ಯರನ್ನೂ ತಿನ್ನುತ್ತಿತ್ತು. ಆಯುಧವಿಲ್ಲದೆ ಊರಬಾಗಿಲು ದಾಟಲು ಜನ ಹೆದರುತ್ತಿದ್ದರು. ಫ್ರಾನ್ಸಿಸರು ಬರಿಗೈಯಲ್ಲಿ ಹೊರಟರು. ಬಾಯಿ ತೆರೆದು ನುಗ್ಗಿ ಬಂದ ತೋಳದತ್ತ ಶಿಲುಬೆಯ ಗುರುತು ಮಾಡಿ, ‘ಬಾ ತೋಳಣ್ಣ’ ಎಂದರು. ಅದು ಕುರಿಮರಿಯ ಹಾಗೆ ಬಂದು ಕಾಲಬುಡದಲ್ಲಿ ಮಲಗಿತು. ಮೊದಲು ಚೆನ್ನಾಗಿ ಬೈದರು. ಆಮೇಲೆ, ‘ಇದನ್ನೆಲ್ಲ ನೀನು ಮಾಡಿದ್ದು ಹಸಿವಿನಿಂದ, ಬಲ್ಲೆ’ ಎಂದರು. ಕಥೆಯ ಜೀವ ಇರುವುದು ಈ ಮಾತಿನಲ್ಲಿ. ಊರ ಚೌಕದಲ್ಲಿ ಎಲ್ಲರೆದುರು ಒಪ್ಪಂದವಾಯಿತು: ಊರವರು ದಿನಾ ಊಟ ಹಾಕಬೇಕು, ತೋಳ ಯಾರ ತಂಟೆಗೂ ಹೋಗಬಾರದು. ತೋಳ ಬಲಗಡೆಯ ಮುಂಗಾಲೆತ್ತಿ ಫ್ರಾನ್ಸಿಸರ ಕೈಮೇಲಿಟ್ಟಿತು. ಮುಂದೆ ಎರಡು ವರ್ಷ ಮನೆಮನೆಗೆ ಹೋಗಿ ಉಂಡಿತು; ಒಂದು ನಾಯಿಯೂ ಬೊಗಳಲಿಲ್ಲ. ಮುಪ್ಪಾಗಿ ಸತ್ತಾಗ ಊರೆಲ್ಲ ಮರುಗಿತು. ತೋಳ ಸಾಧುವಾಯಿತು ಎಂದು ಎಲ್ಲರೂ ಹೊಗಳುತ್ತಾರೆ. ಊರವರು ಎರಡು ವರ್ಷ ತಪ್ಪದೆ ಊಟ ಹಾಕಿದರಲ್ಲ, ಅದನ್ನು ಯಾಕೆ ಯಾರೂ ಹೇಳುವುದಿಲ್ಲ?

ಚಕ್ರವರ್ತಿ ಸಿಕ್ಕರೆ ಫ್ರಾನ್ಸಿಸರು ಕೇಳಬೇಕೆಂದಿದ್ದದ್ದೂ ಇದನ್ನೇ: ಕ್ರಿಸ್ಮಸ್ ದಿನ ದಾರಿಯುದ್ದಕ್ಕೂ ಹಕ್ಕಿಗಳಿಗೆ ಕಾಳು ಚೆಲ್ಲಿಸಿ, ಎತ್ತು ಕತ್ತೆಗಳಿಗೆ ಹೊಟ್ಟೆತುಂಬ ಮೇವು ಕೊಡಿಸಿ. ನೋಡಿ, ಅಲ್ಲೂ ಊಟದ ಮಾತೇ.

ಸಮಯ ಮುಗಿಯುತ್ತ ಬಂತು, ಬೇಗ ಹೇಳಿಬಿಡುತ್ತೇನೆ. ಆಶೀರ್ವಾದಕ್ಕೆ ಬರುವಾಗ ನಾಯಿಯ ಚೈನ್ ಗಿಡ್ಡವಾಗಿ ಹಿಡಿಯಿರಿ. ಸಡಿಲ ಬಿಟ್ಟರೆ ಒಂದರ ಚೈನ್ ಇನ್ನೊಂದಕ್ಕೆ ಸುತ್ತಿಕೊಂಡು ಕಚ್ಚಾಟ ಶುರುವಾಗುತ್ತದೆ. ರೇಬೀಸ್ ಲಸಿಕೆ ಮೊದಲೇ ಆಗಿರಬೇಕು. ಬೆಕ್ಕನ್ನು ಎತ್ತಿಕೊಂಡು ಬರಬೇಡಿ. ಗಾಳಿಯಾಡುವ, ಮುಚ್ಚಳವಿರುವ ಬುಟ್ಟಿಯಲ್ಲಿ ತನ್ನಿ, ಮೇಲೊಂದು ತೆಳು ಬಟ್ಟೆ ಹೊದಿಸಿ. ತೀರ್ಥದ ಹನಿ ಮೈಮೇಲೆ ಬಿದ್ದರೆ ಬೆಕ್ಕು ಬೆಚ್ಚಿ ಪರಚುತ್ತದೆ. ದೂರದಿಂದಲೇ ಆಶೀರ್ವದಿಸಿ ಎಂದು ಗುರುಗಳಿಗೆ ಮೊದಲೇ ತಿಳಿಸಿ. ಕಾಯಿಲೆ ಬಿದ್ದ ಪ್ರಾಣಿ ಮನೆಯಲ್ಲೇ ಇರಲಿ, ಅದರ ಫೋಟೊ ತಂದರೆ ಸಾಕು. ಸರದಿ ಬರುವುದು ತಡವಾಗಬಹುದು, ಕುಡಿಯುವ ನೀರು, ಒಂದು ಬಟ್ಟಲು ಜೊತೆಗಿಟ್ಟುಕೊಳ್ಳಿ. ನಮಸ್ಕಾರ.