ಹೆಡ್ ಬಿರುಕು ಬಿಟ್ಟರೆ ವೆಲ್ಡಿಂಗ್ ಮಾಡಿಸೋದಾ, ಹೊಸದು ಹಾಕೋದಾ?

ಬೆಂಚ್ ಮೇಲಿರೋದು ನಾಲ್ಕು ಸಿಲಿಂಡರ್ ಡೀಸೆಲ್ ಪಿಕಪ್‌ನ ಅಲ್ಯೂಮಿನಿಯಂ ಹೆಡ್, ಅಂದ್ರೆ ಎಂಜಿನ್ ಸಿಲಿಂಡರ್‌ಗಳ ಮೇಲೆ ಮುಚ್ಚಳದ ಹಾಗೆ ಕೂರೋ ಭಾಗ. ತೀರ್ಥಹಳ್ಳಿ, ಹೊಸನಗರ ಕಡೆ ಲೋಡ್ ಹೊತ್ತು ಘಾಟಿ ಓಡಾಡೋ ಗಾಡಿಗಳಲ್ಲಿ ದೂರು ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. ಶಿವಮೊಗ್ಗ ರಸ್ತೇಲಿ ಏನೂ ತೊಂದರೆ ಇಲ್ಲ. ಸೋಮೇಶ್ವರದಿಂದ ಆಗುಂಬೆಗೆ ಆ 14 ತಿರುವು ಹತ್ತುವಾಗ ಮಾತ್ರ ಟೆಂಪರೇಚರ್ ಮುಳ್ಳು ಏರುತ್ತೆ. ಗಾಡಿ ನೀರು ಕುಡಿಯುತ್ತೆ, ಕೆಳಗೆ ನೋಡಿದ್ರೆ ಒಂದು ಹನಿನೂ ಸೋರಿರಲ್ಲ.

ಹೆಡ್ ಬಿಚ್ಚೋ ಮೊದಲು ಒಂದು ಕೆಲಸ ಮಾಡಿ. ಬೆಳಿಗ್ಗೆ ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರ್‌ನ ಮೇಲಿನ ಹೋಸ್ ಹಿಡ್ಕೊಳ್ಳಿ. ನೀರು ಇನ್ನೂ ಬಿಸಿಯಾಗಿರಲ್ಲ, ಆದ್ರೂ ಒಂದೆರಡು ನಿಮಿಷದಲ್ಲೇ ಹೋಸ್ ಕಲ್ಲಿನಂತೆ ಬಿಗಿಯಾದ್ರೆ ಸಿಲಿಂಡರಿನ ಗ್ಯಾಸ್ ನೀರಿನ ದಾರಿಗೆ ನುಗ್ತಿದೆ ಅಂತ ಅರ್ಥ. ಅದು ಹೆಡ್ ಮತ್ತು ಬ್ಲಾಕ್ ಮಧ್ಯದ ಗ್ಯಾಸ್ಕೆಟ್ಟೂ ಆಗಿರಬಹುದು, ಬಿರುಕೂ ಆಗಿರಬಹುದು. ಇಷ್ಟರಲ್ಲೇ ಹೆಡ್ ಹೋಯ್ತು ಅಂತ ತೀರ್ಮಾನ ಮಾಡೋದು ಬೇಡ.

ಬಿಚ್ಚಿದ ಮೇಲೆ ಮಸಿ ಪೂರ್ತಿ ತೆಗೀಬೇಕು, ಮಸಿ ಕೆಳಗೆ ಬಿರುಕು ಕಾಣಲ್ಲ. ಈಗ ನೋಡ್ತಿರೋದು ಡೈ ಪೆನೆಟ್ರಂಟ್, ಬಿರುಕಿನೊಳಗೆ ಇಳಿದು ಅದನ್ನ ತೋರಿಸೋ ಬಣ್ಣ. ಕೆಂಪು ದ್ರವ ಹಚ್ಚಿ 10ರಿಂದ 20 ನಿಮಿಷ ಬಿಡಬೇಕು. ಆಮೇಲೆ ಕ್ಲೀನರ್ ಹಾಕಿದ ಬಟ್ಟೆಯಿಂದ ಒರೆಸ್ಬೇಕು. ಕ್ಲೀನರ್ ಅನ್ನ ನೇರ ಹೆಡ್ ಮೇಲೆ ಸ್ಪ್ರೇ ಮಾಡಿದ್ರೆ ಬಿರುಕಿನೊಳಗಿನ ಬಣ್ಣನೂ ತೊಳೆದುಹೋಗುತ್ತೆ. ಕೊನೆಗೆ ಆ ಬಣ್ಣವನ್ನ ಹೊರಗೆಳೆಯೋ ಬಿಳಿ ಪುಡಿ, ಡೆವಲಪರ್. ಮೂರನೇ ಸಿಲಿಂಡರ್ ಹತ್ರ ನೋಡಿ. ಇನ್‌ಲೆಟ್ ಮತ್ತು ಎಕ್ಸಾಸ್ಟ್ ವಾಲ್ವ್ ಕೂರೋ ಉಂಗುರಗಳ, ಅಂದ್ರೆ ಸೀಟುಗಳ ಮಧ್ಯೆ ಬಿಳಿ ಪುಡಿಯ ಮೇಲೆ ಕೂದಲೆಳೆ ದಪ್ಪದ ಕೆಂಪು ಗೆರೆ ನಿಧಾನಕ್ಕೆ ಮೂಡ್ತಿದೆ. ಅಲ್ಲಿ ಲೋಹ ತೆಳು, ಬೆಂಕಿ ಜಾಸ್ತಿ, ಹಾಗಾಗಿ ಬಿರುಕು ಹೆಚ್ಚಾಗಿ ಬಿಡೋದೂ ಅಲ್ಲೇ.

ಆದ್ರೆ ಈ ಗೆರೆ ಮೇಲ್ಮೈನದ್ದಾ, ನೀರಿನ ದಾರಿವರೆಗೂ ಇಳಿದಿದೆಯಾ ಅನ್ನೋದು ಬಣ್ಣದಿಂದ ಗೊತ್ತಾಗಲ್ಲ. ಅದಕ್ಕೆ ಪ್ರೆಷರ್ ಟೆಸ್ಟೇ ಆಗ್ಬೇಕು. ನೀರಿನ ರಂಧ್ರಗಳನ್ನೆಲ್ಲ ರಬ್ಬರ್ ಮತ್ತು ಪ್ಲೇಟಿನಿಂದ ಮುಚ್ಚಿ, 3ರಿಂದ 4 ಬಾರ್ ಗಾಳಿ ಕೊಟ್ಟು, ಸುಮಾರು 80 ಡಿಗ್ರಿ ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸ್ತಾರೆ. ತಣ್ಣೀರಿನಲ್ಲಿ ಪಾಸಾದ ಹೆಡ್ಡನ್ನ ನಂಬಬೇಡಿ. ಎಷ್ಟೋ ಬಿರುಕು ಬಿಸಿಯಾದಾಗಲೇ ಬಾಯಿಬಿಡೋದು. ಸಾಸಿವೆ ಗಾತ್ರದ ಗುಳ್ಳೆ ಎರಡು ಸೆಕೆಂಡಿಗೊಂದು ಬರ್ತಿದ್ರೂ ಅದು ಲೀಕೇ.

ಈಗ ತೀರ್ಮಾನಕ್ಕೆ ಬರೋಣ. ಕೆಲವು ಡೀಸೆಲ್ ಎಂಜಿನ್‌ಗಳಲ್ಲಿ ಸೀಟುಗಳ ಮಧ್ಯದ ಸಣ್ಣ ಗೆರೆಯನ್ನ ಕಂಪನಿ ಮ್ಯಾನ್ಯುಯಲ್ಲೇ ಒಪ್ಪುತ್ತೆ. ಅಂಥ ಹೆಡ್ ಪ್ರೆಷರ್ ಟೆಸ್ಟ್ ಪಾಸಾದ್ರೆ ಹಾಗೇ ಕೂರಿಸಬಹುದು. ಬಿರುಕು ನೀರಿಗೆ ಮುಟ್ಟಿದ್ರೆ ಮಾತ್ರ ಲೆಕ್ಕ ಬೇರೆ. ಸೀಟು ತೆಗೆದು, ಬಿರುಕನ್ನ ವಿ ಆಕಾರಕ್ಕೆ ಕೊರೆದು, ಹೆಡ್ಡನ್ನ 200 ಡಿಗ್ರಿ ಆಸುಪಾಸು ಕಾಯಿಸಿ, ಆರ್ಗಾನ್ ವೆಲ್ಡಿಂಗ್ ಮಾಡಿ, ನಿಧಾನಕ್ಕೆ ತಣಿಸಿ, ಹೊಸ ಸೀಟು ಒತ್ತಬೇಕು. ವೆಲ್ಡಿಂಗ್ ಕಾವಿಗೆ ಸುತ್ತಲಿನ ಅಲ್ಯೂಮಿನಿಯಂ ಮೆತ್ತಗಾಗುತ್ತೆ. ಮೆತ್ತಗಿರೋ ಲೋಹದಲ್ಲಿ ಸೀಟಿನ ಹಿಡಿತ ಸಡಿಲವಾಗುತ್ತೆ. ಓಡ್ತಿರುವಾಗ ಸೀಟು ಕಳಚಿ ಬಿದ್ರೆ ಪಿಸ್ಟನ್, ವಾಲ್ವ್ ಎಲ್ಲ ಪುಡಿ. ದಿನಾ ಲೋಡಲ್ಲಿ ಘಾಟಿ ಹತ್ತೋ ಗಾಡಿಗೆ, ಸೀಟುಗಳ ಮಧ್ಯೆ ನೀರಿನವರೆಗೂ ಇಳಿದ ಬಿರುಕಿಗೆ ನಮ್ಮ ಉತ್ತರ ಹೊಸ ಹೆಡ್ಡೇ. ಬಿರುಕು ಹೊರಗಿನ ವಾಟರ್ ಜಾಕೆಟ್ ಗೋಡೆಯಲ್ಲೋ, ಬೋಲ್ಟ್ ಕಿವಿಯಲ್ಲೋ ಇದ್ರೆ ವೆಲ್ಡಿಂಗ್ ಧೈರ್ಯವಾಗಿ ಮಾಡಿಸಿ.

ಬಾಗಿದೆಯಾ ಅಂತನೂ ನೋಡ್ಬೇಕು. ಸ್ಟ್ರೈಟ್ ಎಡ್ಜ್ ಇಟ್ಟು ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿ) ತೂರಿಸಿ. ಬಹಳಷ್ಟು ಹೆಡ್‌ಗಳಲ್ಲಿ 0.05ರಿಂದ 0.10 ಮಿಲಿಮೀಟರ್ ಮಿತಿ, ನಿಮ್ಮ ಎಂಜಿನ್ನಿನದು ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಸೋ ಶಾಫ್ಟ್) ಹೆಡ್ ಮೇಲೇ ಕೂರೋ ಎಂಜಿನ್ ಆದ್ರೆ ಕೆಳಗೆ ಫೇಸಿಂಗ್, ಅಂದ್ರೆ ಮೇಲ್ಮೈ ಕೆರೆದು ಸಮ ಮಾಡಿಸಿದ್ರೆ ಸಾಲದು. ಕೆಳಗೆ ನೇರ ಆಗಿರುತ್ತೆ, ಮೇಲೆ ಬಾಗಿದ್ದು ಹಾಗೇ ಉಳಿದಿರುತ್ತೆ. ವಾಲ್ವ್ ಬಿಚ್ಚಿದ ಹೆಡ್‌ಗೆ ಬರೀ ಕ್ಯಾಮ್ ಕೂರಿಸಿ, ಅದರ ಮೇಲಿನ ಕ್ಯಾಪ್‌ಗಳನ್ನ ಹೇಳಿದ ಬಿಗಿಗೆ ಟಾರ್ಕ್ ಮಾಡಿ, ಕೈಯಲ್ಲಿ ತಿರುಗಿಸಿ. ಎಲ್ಲಾದ್ರೂ ಹಿಡಿದ್ರೆ ಆ ಹೆಡ್ ಬಾಗಿದೆ. ಇನ್ನು ಡೀಸೆಲ್ ಹೆಡ್ ತೆಳುವಾದ್ರೆ ವಾಲ್ವ್ ಪಿಸ್ಟನ್‌ಗೆ ಹತ್ರ ಬರುತ್ತೆ. ಕೆಲವು ಕಂಪನಿಗಳು ಫೇಸಿಂಗನ್ನೇ ಒಪ್ಪಲ್ಲ. ಕನಿಷ್ಠ ದಪ್ಪಕ್ಕಿಂತ ಕಡಿಮೆ ಆಗಿದ್ರೆ ಅಲ್ಲಿಗೆ ಮುಗೀತು.

ಹಳೇ ಟ್ರ್ಯಾಕ್ಟರ್, ಹಳೇ ಜೀಪಿನ ಬೀಡು ಹೆಡ್ ವಿಷಯ ಬೇರೆ. ಬೀಡನ್ನ ಗಡಿಬಿಡೀಲಿ ಮಾಮೂಲಿ ರಾಡ್‌ನಲ್ಲಿ ವೆಲ್ಡ್ ಮಾಡಿದ್ರೆ ಪಕ್ಕದಲ್ಲೇ ಇನ್ನೊಂದು ಬಿರುಕು ಬರುತ್ತೆ. ನಿಕ್ಕಲ್ ರಾಡ್‌ನಲ್ಲಿ 25 ಮಿಲಿಮೀಟರ್‌ನಷ್ಟೇ ಹಾಕಿ, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಕೈ ಇಡೋಷ್ಟು ತಣ್ಣಗಾದ ಮೇಲೆ ಮುಂದಿನದು. ಅದಕ್ಕಿಂತ ಮೆಟಲ್ ಸ್ಟಿಚಿಂಗ್ ಒಳ್ಳೇದು. ಬಿರುಕಿನುದ್ದಕ್ಕೂ ಒಂದರ ಮೇಲೊಂದು ಅಂಚು ಹತ್ತೋ ಹಾಗೆ ಥ್ರೆಡ್ ಪಿನ್ ಕೂರಿಸ್ತಾರೆ, ಕಾವೇ ಇಲ್ಲ. ಹೊಸ ಹೆಡ್ ಸಿಗದ ಎಂಜಿನ್ನನ್ನ ಉಳಿಸೋಕೆ ಇದು ನಿಜವಾಗ್ಲೂ ಬಾಳಿಕೆ ಬರೋ ದಾರಿ.

ಖರ್ಚು ಲೆಕ್ಕ ಹಾಕುವಾಗ ವೆಲ್ಡಿಂಗ್ ಒಂದನ್ನೇ ಹಿಡೀಬೇಡಿ. ಸೀಟು, ವಾಲ್ವ್ ಗೈಡ್, ಫೇಸಿಂಗ್, ಎರಡನೇ ಪ್ರೆಷರ್ ಟೆಸ್ಟ್ ಎಲ್ಲ ಕೂಡಿಸಿ. ಹೊಸ ಹೆಡ್ಡಿನ ಅರ್ಧ ಬೆಲೆ ದಾಟಿದ್ರೆ ಹೊಸದೇ ತಗೊಳ್ಳಿ. ಸೆಕೆಂಡ್ ಹ್ಯಾಂಡ್ ಆದ್ರೆ ಟೆಸ್ಟ್ ಮಾಡಿಸದೆ ದುಡ್ಡು ಕೊಡಬೇಡಿ.

ಯಾವುದೇ ಹೆಡ್ ಹಾಕಿ, ಹೀಟ್ ಆಗಿದ್ದಕ್ಕೆ ಕಾರಣ ಸಿಗದಿದ್ರೆ ಅದೂ ಸೀಳುತ್ತೆ. ಮಳೆಗಾಲದ ಕೆಸರು ಒಣಗಿ ಮುಚ್ಚಿದ ರೇಡಿಯೇಟರ್, ಸಡಿಲ ಬೆಲ್ಟ್, ಅಂಟಿಕೊಂಡ ಥರ್ಮೋಸ್ಟಾಟ್, ಸತ್ತ ರೇಡಿಯೇಟರ್ ಕ್ಯಾಪ್, ಎಲ್ಲ ನೋಡಿ. 0.9 ಬಾರ್ ಕ್ಯಾಪ್ ಸರಿ ಇದ್ರೆ ಬರೀ ನೀರೂ ಸುಮಾರು 118 ಡಿಗ್ರಿವರೆಗೆ ಕುದಿಯಲ್ಲ. ದಾರಿ ಬದಿಯ ಹಳ್ಳದ ನೀರು ಕನ್ನಡಿ ಥರ ಇರುತ್ತೆ ನಿಜ, ಆದ್ರೆ ಅದರಲ್ಲಿ ತುಕ್ಕು ತಡೆಯೋ ಅಂಶ ಇಲ್ಲ. ಕುದಿಯೋ ಎಂಜಿನ್‌ಗೆ ಆ ತಣ್ಣೀರು ಸುರಿದ್ರೆ ಬಿರುಕನ್ನ ನಾವೇ ಕರೆದ ಹಾಗೆ. ಗಾಡಿ ನಿಲ್ಸಿ, ತಣ್ಣಗಾಗೋವರೆಗೂ ಕಾಯಿರಿ, ಪ್ಲೀಸ್.

ಜೋಡಿಸುವಾಗ ಬ್ಲಾಕಿನ ಬೋಲ್ಟ್ ರಂಧ್ರದಲ್ಲಿ ನೀರು, ಆಯಿಲ್ ನಿಂತಿರಬಾರದು. ಬೋಲ್ಟ್ ಬಿಗಿದಾಗ ಆ ಒತ್ತಡಕ್ಕೆ ಬ್ಲಾಕೇ ಸೀಳಬಹುದು. ಡಿಗ್ರಿ ಲೆಕ್ಕದಲ್ಲಿ ಬಿಗಿಯೋ ಬೋಲ್ಟ್ ಹಿಗ್ಗೋ ಜಾತಿಯದ್ದಾದ್ರೆ ಹೊಸದೇ ಹಾಕಿ, ಮಧ್ಯದಿಂದ ಹೊರಕ್ಕೆ, ಹಂತ ಹಂತವಾಗಿ ಬಿಗೀರಿ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಹಾಕಿ, ಒಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ಬಿಡಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮಟ್ಟ ನೋಡಿ. ಒಂದು ಸಲ ಇಳಿದ್ರೆ ಉಳಿದಿದ್ದ ಗಾಳಿ ಹೊರಗೆ ಹೋಗಿರಬಹುದು, ತುಂಬಿಸಿ. ಮೂರು ದಿನನೂ ಇಳೀತಿದ್ರೆ ಲೋಡ್ ಹಾಕಬೇಡಿ, ಮತ್ತೆ ಆ ಮೇಲಿನ ಹೋಸ್ ಹಿಡಿದು ನೋಡಿ.