ಟ್ರಕ್ ಮೇಲೆ ನಿಂತು ಹಾಡುವುದು

ಎಲ್ಲರಿಗೂ ನಮಸ್ಕಾರ. ಪ್ರೈಡ್‌ನಲ್ಲಿ, ಅಂದರೆ ಸಲಿಂಗಿಗಳು, ಟ್ರಾನ್ಸ್‌ಜೆಂಡರ್ ಜನರೆಲ್ಲ ಸೇರಿ ಬೀದಿಗಿಳಿದು ಮಾಡುವ ಹಬ್ಬದಲ್ಲಿ, ಹಾಡಿದ ಅನುಭವ ಹೇಳಿ ಅಂತ ಕರೆದಿದ್ದೀರಿ. ಇಲ್ಲಿ ಹಾಡುವವರು, ನುಡಿಸುವವರೇ ಜಾಸ್ತಿ ಇದ್ದೀರಿ. ಹಾಗಾಗಿ ಸ್ವಲ್ಪ ಕೆಲಸದ ಮಾತನ್ನೂ ಆಡುತ್ತೇನೆ.

ಪ್ರೈಡ್ ಹುಟ್ಟಿದ್ದು ಸಂಗೀತ ಕಾರ್ಯಕ್ರಮವಾಗಿ ಅಲ್ಲ, ಮೆರವಣಿಗೆಯಾಗಿ. 1969ರ ಜೂನ್ 28ರ ನಸುಕಿನಲ್ಲಿ ಸಲಿಂಗಿಗಳು ಸೇರುತ್ತಿದ್ದ ನ್ಯೂಯಾರ್ಕಿನ ಸ್ಟೋನ್‌ವಾಲ್ ಬಾರಿಗೆ ಪೊಲೀಸರು ನುಗ್ಗಿದರು. ಜನ ತಿರುಗಿಬಿದ್ದರು. ಮರುವರ್ಷ ಅದೇ ದಿನ ಆ ಊರಿನ ಬೀದಿಯಲ್ಲಿ ಮೆರವಣಿಗೆ ಹೊರಟಿತು. ಹಾಡುವವರಿಗೆ ಇದಕ್ಕಿಂತ ಮುಖ್ಯವಾದ ಕಥೆ ಸಿಡ್ನಿಯದು. 1978ರ ಜೂನ್ 24ರ ರಾತ್ರಿ ಅಲ್ಲಿ ಮೊದಲ ಮಾರ್ಡಿ ಗ್ರಾ, ಅಂದರೆ ಆ ಊರಿನ ಪ್ರೈಡ್ ಮೆರವಣಿಗೆ, ನಡೆಯಿತು. ಒಂದು ಟ್ರಕ್, ಅದರ ಮೇಲೆ ಸ್ಪೀಕರು, ಜೊತೆಗೆ ಕುಣಿಯುತ್ತಾ ಬಂದ ಜನ. ಪೊಲೀಸರು ಆ ಟ್ರಕ್ಕನ್ನೇ ಕಿತ್ತುಕೊಂಡರು. ಹಾಡು ನಿಂತಿತು. ಜನ ನಿಲ್ಲಲಿಲ್ಲ, ಕಿಂಗ್ಸ್ ಕ್ರಾಸ್ ಕಡೆಗೆ ನಡೆದೇಬಿಟ್ಟರು. ಆ ರಾತ್ರಿ 53 ಜನರನ್ನು ಬಂಧಿಸಿದರು. ಅಂದರೆ ನಾವಿಲ್ಲದಿದ್ದರೂ ಮೆರವಣಿಗೆ ನಡೆಯುತ್ತದೆ. ನಾವು ಅದಕ್ಕೆ ಜೊತೆಗಾರರು, ಅಷ್ಟೇ. ಇದು ತಲೆಯಲ್ಲಿದ್ದರೆ ಹಾಡಿನ ಆಯ್ಕೆಯೂ ತಾನಾಗಿಯೇ ಬದಲಾಗುತ್ತದೆ.

ಹೇಗೆ ಅಂತೀರಾ? ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಸಭಾಂಗಣದಲ್ಲಿ ಇದು ಗೊತ್ತೇ ಆಗುವುದಿಲ್ಲ. ಉದ್ದದ ಮೆರವಣಿಗೆಯಲ್ಲಿ ಗೊತ್ತಾಗುತ್ತದೆ. ನಿಮ್ಮ ಹಾಡಿನ ವೇಗ ನಿಮಿಷಕ್ಕೆ 120 ಬಡಿತ ಅಂದುಕೊಳ್ಳಿ. ಒಂದು ಬಡಿತಕ್ಕೆ ಅರ್ಧ ಸೆಕೆಂಡ್. 85 ಮೀಟರ್ ಹಿಂದೆ ಇರುವವರಿಗೆ ಅದು ಅರ್ಧ ಬಡಿತ ತಡವಾಗಿ ಕೇಳುತ್ತದೆ. ಅವರು ತಮಗೆ ಕೇಳಿದ್ದಕ್ಕೆ ಸರಿಯಾಗಿಯೇ ಚಪ್ಪಾಳೆ ತಟ್ಟುತ್ತಾರೆ. ಟ್ರಕ್ ಮೇಲಿಂದ ನೋಡಿದರೆ ಎತ್ತಿದ ಕೈಗಳೆಲ್ಲ ಅಲೆಯಂತೆ ಹಿಂದೆ ಹಿಂದೆ ಸರಿಯುತ್ತಿರುತ್ತವೆ. ನೋಡಲು ಬಲು ಚೆಂದ. ಆದರೆ ಆ ಕೈಗಳನ್ನು ನೋಡಿ ತಾಳ ಹಿಡಿದಿರೋ, ಕೆಟ್ಟಿರಿ. ಪಕ್ಕದ ಡ್ರಮ್ಮರ್‌ನ ಕೈ ಮಾತ್ರ ನೋಡಿ.

ಬಿಸಿಲಿನದು ಇನ್ನೊಂದು ಕಾಟ. ಗಿಟಾರಿನ ತಂತಿ ಕಾದು ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ಪಕ್ಕದಲ್ಲಿ ಟ್ರಂಪೆಟ್ ಇದ್ದರೆ ಅದರ ಶ್ರುತಿ ಏರುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಗುರಾಯಿಸುತ್ತಾ ನುಡಿಸಬೇಕು! ಇನ್ನು ಜನರೇಟರ್ ಸದ್ದು ಬೇರೆ. ಇಷ್ಟರ ಮಧ್ಯೆ ಸೂಕ್ಷ್ಮ ಗಮಕ, ನಾಲ್ಕು ಚರಣದ ಕಥನಗೀತೆ ಎಲ್ಲ ಗಾಳಿಗೆ ಹೋಗುತ್ತವೆ. ಎರಡು ಸಲ ಕೇಳಿದರೆ ಬಾಯಿಗೆ ಬರುವಂಥ ಪಲ್ಲವಿ ಬೇಕು. ನಾನೊಂದು ಸಾಲು, ಜನ ಒಂದು ಸಾಲು, ಮಧ್ಯೆ ಧಾರಾಳ ಜಾಗ.

ನನ್ನ ಮಾತಿಗೆ ಬರುತ್ತೇನೆ. ನಾನು ಗೇ. ಬೇರೆ ವೇದಿಕೆಗಳಲ್ಲಿ ಎರಡು ಹಾಡಿನ ನಡುವೆ ಮಾತಾಡುವಾಗ ತಲೆಯಲ್ಲಿ ಒಂದು ಲೆಕ್ಕ ಓಡುತ್ತಲೇ ಇರುತ್ತದೆ. ಈ ಹಾಡು ಯಾರಿಗಾಗಿ ಬರೆದದ್ದು ಅಂತ ಹೇಳಲಾ, ಬೇಡವಾ? ಹೇಳಿದರೆ ಮುಂದಿನ ಸಾಲಿನವರ ಮುಖ ಏನಾಗುತ್ತದೆ? ಮೊದಲ ಸಲ ಪ್ರೈಡ್‌ನಲ್ಲಿ ಹಾಡಿದಾಗ ಆ ಲೆಕ್ಕ ನಿಂತಿತು. 'ಇದು ನಾನು ಪ್ರೀತಿಸಿದ ಹುಡುಗನ ಮೇಲಿನ ಹಾಡು' ಅಂದೆ. ಯಾರೂ ಉಸಿರು ಬಿಗಿಹಿಡಿಯಲಿಲ್ಲ. ಟ್ರಕ್ಕಿನ ಪಕ್ಕದಲ್ಲಿ ನಡೆಯುತ್ತಿದ್ದ ವಯಸ್ಸಾದ ಒಬ್ಬರು, 'ಸರಿ, ಹಾಡು ಮತ್ತೆ!' ಅಂತ ಕೂಗಿದರು. ನನಗೆ ನಗು ಬಂದು ಮೊದಲ ಸಾಲೇ ಸರಿಯಾಗಿ ಹೊರಡಲಿಲ್ಲ.

ಹಣದ ವಿಷಯವನ್ನೂ ಹೇಳಿಬಿಡುತ್ತೇನೆ, ಯಾರೂ ಹೇಳುವುದಿಲ್ಲ ಅಲ್ವಾ? ಜನ ಕೈಯಿಂದ ದುಡ್ಡು ಹಾಕಿ ಮಾಡುವ ಮೆರವಣಿಗೆಗೆ ನಾನು ಸುಮ್ನೆ ಹಾಡುತ್ತೇನೆ, ಖುಷಿಯಿಂದ. ಆದರೆ ಒಮ್ಮೆ ವೇದಿಕೆಯ ಹಿಂದೆ ಪ್ರಾಯೋಜಕರ ಬ್ಯಾನರ್ ನಮ್ಮ ಇಡೀ ತಂಡಕ್ಕಿಂತ ಅಗಲವಿತ್ತು. ನಮಗೆ ಮಾತ್ರ 'ಇದು ಸಮುದಾಯದ ಕೆಲಸ' ಅಂದರು. ಸ್ಪೀಕರ್ ಬಾಡಿಗೆಯವರಿಗೆ, ಬ್ಯಾನರ್ ಹೊಲಿದವರಿಗೆ ಹಾಗೆ ಹೇಳುತ್ತಾರಾ? ಅಷ್ಟು ದೊಡ್ಡ ಬ್ಯಾನರ್ ಇದ್ದಲ್ಲಿ ಸಂಭಾವನೆ ಕೇಳಿ. ಸಂಕೋಚ ಬೇಡ.

ಕೊನೆಗೆ ವಿಡಿಯೊ ವಿಷಯ. ಸಿಡ್ನಿಯಲ್ಲಿ ಬಂಧಿತರಾದವರ ಹೆಸರುಗಳನ್ನು ಅಲ್ಲಿನ ಪ್ರಮುಖ ಪತ್ರಿಕೆ ಅಚ್ಚು ಹಾಕಿತು. ಕೆಲವರ ಕೆಲಸ ಹೋಯಿತು. ಪತ್ರಿಕೆ ಕ್ಷಮೆ ಕೇಳಿದ್ದು 2016ರಲ್ಲಿ. ಆಗ ಪತ್ರಿಕೆ ಮಾಡಿದ್ದನ್ನು ಇವತ್ತು ನಮ್ಮ ಫೋನೇ ಮಾಡಬಲ್ಲದು, ಕೆಟ್ಟ ಉದ್ದೇಶ ಇಲ್ಲದೆಯೇ. ಹಾಡು ಮುಗಿಯುವಾಗ ಜನರ ಕಡೆಗೆ ತಿರುಗಿ ಸೆಲ್ಫಿ ವಿಡಿಯೊ ತೆಗೆಯುವ ಚಟ ನಮಗೆಲ್ಲ ಇದೆ. ಆ ಗುಂಪಿನಲ್ಲಿ ಮನೆಯಲ್ಲಿ ಇನ್ನೂ ಹೇಳದವರು, ಆಫೀಸಿನಲ್ಲಿ ಹೇಳಲಾಗದವರು ಇರುತ್ತಾರೆ. ಮುಖಕ್ಕೆ ಬಣ್ಣ ಬಳಿದುಕೊಂಡವರೆಲ್ಲ ಬರೀ ಸಂಭ್ರಮಕ್ಕೆ ಬಳಿದುಕೊಂಡಿರುವುದಿಲ್ಲ. ನಮ್ಮ ತಂಡದಲ್ಲಿ ಈಗ ಒಂದು ನಿಯಮ ಇದೆ: ಕ್ಯಾಮೆರಾ ವೇದಿಕೆಯ ಕಡೆಗೆ ಮಾತ್ರ. ಜನರ ದನಿ ಬೇಕಿದ್ದರೆ ಪಲ್ಲವಿಯನ್ನು ಆಡಿಯೊ ಮಾತ್ರ ರೆಕಾರ್ಡ್ ಮಾಡಿಕೊಳ್ಳುತ್ತೇವೆ. ಅಂಥದ್ದೊಂದು ರೆಕಾರ್ಡಿಂಗ್ ತಂದಿದ್ದೇನೆ, ಹಾಕುತ್ತೇನೆ. ಚಪ್ಪಾಳೆ ಎಲ್ಲಿ ಜಾರುತ್ತದೆ ಅಂತ ಕೇಳಿಸಿಕೊಳ್ಳಿ, ಆಮೇಲೆ ನಿಮ್ಮ ಪ್ರಶ್ನೆಗಳು.