ಸೆನೆಗಲ್ ನದಿಯಲ್ಲಿ ಸೀಗಡಿಯ ಪಾಲು

ಕೇಳುಗರಿಗೆ ನಮಸ್ಕಾರ.

ನದಿ ನೀರಿನ ಹಂಚಿಕೆ ಅಂದರೆ ಜಗಳ ಅಂತಲೇ ನಮ್ಮ ಕಿವಿಗೆ ರೂಢಿಯಾಗಿದೆ. ಇವತ್ತು ಹೇಳಹೊರಟಿರುವುದು ಹೊಂದಾಣಿಕೆಯಿಂದ ಹಂಚಿಕೊಂಡ ನದಿಯೊಂದರ ಕತೆ. ದೇಶಗಳ ಪಾಲು ಚೆನ್ನಾಗಿಯೇ ಆಯಿತು. ಪಾಲು ಕೇಳಲು ಬಾಯಿಲ್ಲದ ಕೆಲವರು ಹೊರಗುಳಿದರು, ಅಷ್ಟೆ. ಅದರಲ್ಲಿ ಒಂದು ಸೀಗಡಿ.

ಪಶ್ಚಿಮ ಆಫ್ರಿಕಾದ ಸೆನೆಗಲ್ ನದಿ ಗಿನಿ ದೇಶದ ಫೂಟಾ ಜಲ್ಲೋನ್ ಬೆಟ್ಟಗಳಲ್ಲಿ ಹುಟ್ಟುತ್ತದೆ. ಮಾಲಿಯನ್ನು ಹಾಯ್ದು, ಆಮೇಲೆ ಮಾರಿಟಾನಿಯಾ ಮತ್ತು ಸೆನೆಗಲ್ ದೇಶಗಳಿಗೆ ಗಡಿಯಾಗಿ ಹರಿದು, ಸೇಂಟ್ ಲೂಯಿ ಪಟ್ಟಣದ ಹತ್ತಿರ ಅಟ್ಲಾಂಟಿಕ್ ಸೇರುತ್ತದೆ. ಜೋರು ಮಳೆ ಬೀಳುವುದು ಮೇಲೆ, ಬೆಟ್ಟದಲ್ಲಿ. ಕೆಳಗೆ ಬಹುಪಾಲು ಒಣ ನೆಲ. ಹಾಗಾಗಿ ಮೇಲಿಂದ ಬರುವ ನೆರೆಯೇ ಕೆಳಗಿನವರಿಗೆ ಅನ್ನ. ನೆರೆ ಬಯಲಿಗೆ ಹಬ್ಬಿದಾಗ ಮೀನು ಅಲ್ಲಿ ಮೊಟ್ಟೆ ಇಡುತ್ತದೆ. ನೀರು ಇಳಿದ ಮೇಲೆ ಅದೇ ಹಸಿ ಮಣ್ಣಿಗೆ ರೈತರು ಜೋಳ ಬಿತ್ತುತ್ತಾರೆ. ಕೊಯ್ಲಾದ ಮೇಲೆ ಕೂಳೆ ಮೇಯಲು ದನ ಬರುತ್ತವೆ.

1970ರ ದಶಕದಲ್ಲಿ ಸಹಾರಾ ಮರುಭೂಮಿಯ ತೆಂಕಣ ಅಂಚಿನ ಸಾಹೆಲ್ ಸೀಮೆಗೆ ಭೀಕರ ಬರ ಬಡಿದಿತ್ತು. 1972ರಲ್ಲಿ ಮಾಲಿ, ಮಾರಿಟಾನಿಯಾ, ಸೆನೆಗಲ್ ಮೂರೂ ಸೇರಿ ಸೆನೆಗಲ್ ನದಿಯ ಅಭಿವೃದ್ಧಿಗೆಂದು ಒಂದು ಸಂಸ್ಥೆ ಕಟ್ಟಿಕೊಂಡವು. ಫ್ರೆಂಚ್ ಹೆಸರಿನ ಮೊದಲಕ್ಷರಗಳಲ್ಲಿ ಅದು ಓಎಂವಿಎಸ್. ಇವರ ನಿಯಮ ಕೇಳಿ. ಅಣೆಕಟ್ಟು ಯಾರ ನೆಲದಲ್ಲೇ ಇರಲಿ, ಒಡೆತನ ಎಲ್ಲರದು. ಸಾಲದ ಹೊಣೆಯೂ ಎಲ್ಲರದು. ಮಾಲಿಯಲ್ಲಿರುವ ಮನಂತಾಲಿ ಅಣೆಕಟ್ಟಿನ ಕರೆಂಟಿನಲ್ಲಿ ಮಾಲಿಗೆ ನೂರಕ್ಕೆ 52, ಸೆನೆಗಲ್‌ಗೆ 33, ಮಾರಿಟಾನಿಯಾಗೆ 15. 1989ರಲ್ಲಿ ಸೆನೆಗಲ್ ಮತ್ತು ಮಾರಿಟಾನಿಯಾ ಹೊಡೆದಾಡಿಕೊಂಡು ರಾಯಭಾರ ಸಂಬಂಧವನ್ನೇ ಕಡಿದುಕೊಂಡವು. ಆದರೂ ಈ ಸಂಸ್ಥೆ ಮುರಿಯಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಈಗ ಸೀಗಡಿಗೆ ಬರೋಣ.

1986ರಲ್ಲಿ ಸೇಂಟ್ ಲೂಯಿಗಿಂತ ಸುಮಾರು 27 ಕಿಲೋಮೀಟರ್ ಮೇಲೆ ಡಿಯಾಮಾ ಅಣೆಕಟ್ಟು ಮುಗಿಯಿತು. ಅದರ ಮುಖ್ಯ ಕೆಲಸ ಸಮುದ್ರವನ್ನು ತಡೆಯುವುದು. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಉಪ್ಪುನೀರು 200 ಕಿಲೋಮೀಟರಿಗೂ ಜಾಸ್ತಿ ಒಳಕ್ಕೆ ಬರುತ್ತಿತ್ತು. ಭತ್ತಕ್ಕೆ, ಕಬ್ಬಿಗೆ ಅದು ಆಗಿಬರುವುದಿಲ್ಲ. ಕಟ್ಟೆ ಬಂತು, ಉಪ್ಪು ನಿಂತಿತು. ವರ್ಷವಿಡೀ ಸಿಹಿನೀರು. ಯಾರಿಗೆ ಬೇಡ ಹೇಳಿ?

ಆ ಹೊಳೆಯಲ್ಲಿ ದೊಡ್ಡ ಜಾತಿಯ ಸೀಗಡಿ ಒಂದಿದೆ. ಬದುಕುವುದು ಸಿಹಿನೀರಲ್ಲಿ. ಮರಿ ಬೆಳೆಯಲು ಮಾತ್ರ ಉಪ್ಪು ಬೆರೆತ ಅಳಿವೆಯ ನೀರೇ ಬೇಕು. ಹೆಣ್ಣು ಸೀಗಡಿ ಮೊಟ್ಟೆ ಹೊತ್ತು ಕೆಳಕ್ಕೆ ಹೋಗುತ್ತದೆ, ಮರಿಗಳು ಸ್ವಲ್ಪ ಬಲಿತ ಮೇಲೆ ಹೊಳೆ ಹತ್ತಿ ಬರುತ್ತವೆ. ಡಿಯಾಮಾ ಈ ದಾರಿಗೆ ಅಡ್ಡ ನಿಂತಿತು. ಕಟ್ಟೆಯ ಮೇಲ್ಭಾಗದಲ್ಲಿ ಸೀಗಡಿ ಕಡಿಮೆಯಾಗುತ್ತ ಹೋಯಿತು.

ಸೀಗಡಿ ಹೋದರೆ ಊಟದ ಸಾರಿಗೆ ನಷ್ಟ, ಇನ್ನೇನು, ಅಲ್ವಾ? ಅಷ್ಟಕ್ಕೇ ನಿಲ್ಲಲಿಲ್ಲ. ಈ ಸೀಗಡಿ ನೀರಿನ ಬಸವನಹುಳುಗಳನ್ನು ತಿನ್ನುತ್ತದೆ. ಶಿಸ್ಟೊಸೋಮಿಯಾಸಿಸ್ ಅನ್ನುವ ರೋಗದ ಪರಾವಲಂಬಿ ಹುಳು ಬೆಳೆಯುವುದು ಆ ಬಸವನಹುಳುಗಳ ಒಳಗೇ. ಅಲ್ಲಿಂದ ನೀರಿಗೆ ಬಂದು, ಬಟ್ಟೆ ಒಗೆಯುವವರ, ಈಜುವ ಮಕ್ಕಳ ಚರ್ಮದ ಮೂಲಕ ಮೈ ಸೇರುತ್ತದೆ. ಉಪ್ಪು ಹೋಯಿತು, ಕಾಲುವೆಗಳಲ್ಲಿ ಸದಾ ನೀರು, ನೀರಲ್ಲಿ ಕಳೆ. ಬಸವನಹುಳುಗಳಿಗೆ ಹಬ್ಬ. ಕಬ್ಬಿನ ಊರಾದ ರಿಶಾರ್ ಟೋಲ್‌ನಲ್ಲಿ ಕರುಳಿನ ಶಿಸ್ಟೊಸೋಮಿಯಾಸಿಸ್ ಮೊದಲು ಗೊತ್ತಾದದ್ದು 1988ರಲ್ಲಿ. ಅಣೆಕಟ್ಟು ಮುಗಿದು ಎರಡೇ ವರ್ಷಕ್ಕೆ. ಕೆಲವೇ ವರ್ಷಗಳಲ್ಲಿ ಊರಿನ ಬಹುಪಾಲು ಜನಕ್ಕೆ ಅಂಟಿತು. ಎಲ್ಲ ತಪ್ಪನ್ನೂ ಸೀಗಡಿಯ ಗೈರುಹಾಜರಿಯ ಮೇಲೆ ಹಾಕಲಾಗದು. ಆದರೆ ಅದರ ಪಾಲು ಸಣ್ಣದಲ್ಲ ಅನ್ನುವುದಕ್ಕೆ ಆಧಾರವಿದೆ. ಲಾಂಪ್ಸಾರ್ ಎಂಬ ಹಳ್ಳಿಯಲ್ಲಿ ಜನ ನೀರಿಗಿಳಿಯುವ ಜಾಗಕ್ಕೆ ಬಲೆ ಕಟ್ಟಿ ಸೀಗಡಿ ಬಿಟ್ಟು ನೋಡಿದರು. ರೋಗ ಹೊತ್ತ ಬಸವನಹುಳುಗಳು ಕಡಿಮೆಯಾದವು. ಜನರ ಮೈಯಲ್ಲಿನ ರೋಗದ ಹೊರೆಯೂ ಸುಮಾರು ಅರ್ಧಕ್ಕೆ ಇಳಿಯಿತು. 2015ರಲ್ಲಿ ಇದು ಪ್ರಕಟವಾಯಿತು. ಜೀವವೈವಿಧ್ಯ ಉಳಿಸಿ ಅಂದರೆ ಹಕ್ಕಿ ನೋಡುವವರ ಹವ್ಯಾಸ ಅಂದುಕೊಳ್ಳುವವರು ಈ ಹಳ್ಳಿಯ ಆರೋಗ್ಯದ ಲೆಕ್ಕವನ್ನು ಒಮ್ಮೆ ನೋಡಬೇಕು.

ಹಕ್ಕಿಗಳ ಗತಿಯೂ ಸುಖವಾಗೇನೂ ಇರಲಿಲ್ಲ. ಸೆನೆಗಲ್ ದಡದ ಜೂಜ್ ಪಕ್ಷಿಧಾಮ ಹೆಜ್ಜಾರ್ಲೆ, ರಾಜಹಂಸಗಳಿಗೆ ಹೆಸರಾದದ್ದು, ವಿಶ್ವ ಪರಂಪರೆಯ ತಾಣ. ಸಲ್ವೀನಿಯಾ ಎಂಬ ತೇಲುಕಳೆ ನೀರನ್ನೇ ಮುಚ್ಚಿದ್ದರಿಂದ 2000ದಲ್ಲಿ ಅದನ್ನು ಅಪಾಯದ ಪಟ್ಟಿಗೆ ಸೇರಿಸಿದರು. ಕಳೆಯನ್ನು ತಿಂದು ಬಗ್ಗಿಸಿದ್ದು ಒಂದು ಪುಟ್ಟ ಮೂತಿಹುಳು. ಇದೇ ಹುಳುವನ್ನು 1983-84ರಲ್ಲೇ ನಮ್ಮ ಬೆಂಗಳೂರಿನ ಒಂದು ತಾವರೆಕೊಳಕ್ಕೆ ಬಿಟ್ಟು ಗೆದ್ದಿದ್ದರು. 2006ರಲ್ಲಿ ಜೂಜ್ ಆ ಪಟ್ಟಿಯಿಂದ ಹೊರಬಂತು. ದಡದ ಜೊಂಡಿನ ಕಾಟ ಮಾತ್ರ ಹುಳುವಿಗೆ ಬಗ್ಗುವಂಥದ್ದಲ್ಲ. ಭತ್ತದ ಪಂಪುಗಳಿಗಾಗಿ ನೀರನ್ನು ಸದಾ ಒಂದೇ ಮಟ್ಟದಲ್ಲಿ ನಿಲ್ಲಿಸಿದ್ದಾರೆ. ಜೊಂಡಿಗೂ ಬೇಕಾದದ್ದು ಅದೇ.

ಎದುರು ದಡದಲ್ಲಿ, ಮಾರಿಟಾನಿಯಾದಲ್ಲಿ, ನನಗೆ ತುಂಬ ಇಷ್ಟವಾದ ಕೆಲಸ ನಡೆಯಿತು. ಅಲ್ಲಿನ ಅಳಿವೆ ಬಯಲು ಕಟ್ಟೆಯಿಂದಾಗಿ ಒಣಗಿ ಉಪ್ಪುಗಟ್ಟಿತ್ತು. 1991ರಲ್ಲಿ ಡಿಯಾವ್ಲಿಂಗ್ ರಾಷ್ಟ್ರೀಯ ಉದ್ಯಾನ ಮಾಡಿದರು. ಬೇಲಿ ಹಾಕಿ ಸುಮ್ನೆ ಕೂರಲಿಲ್ಲ. ಏರಿಯ ಗೇಟುಗಳನ್ನು ತೆರೆದು, ಹಿಂದೆ ನೆರೆ ಬರುತ್ತಿದ್ದ ಕಾಲಕ್ಕೆ ಸರಿಯಾಗಿ ನೀರು ಬಿಟ್ಟರು. ಯಾವ ತಿಂಗಳು, ಎಷ್ಟು ಎತ್ತರಕ್ಕೆ ಅನ್ನುವುದನ್ನು ಮೀನುಗಾರರು, ದನಗಾಹಿಗಳು, ಚಾಪೆ ಹೆಣೆಯುವ ಹೆಂಗಸರ ಜೊತೆ ಕೂತು ಮಾತಾಡಿದರು. ಚಾಪೆಯ ಹುಲ್ಲು ಮತ್ತೆ ಚಿಗುರಿತು. ಮೀನು ಬಂತು, ಹಕ್ಕಿಯೂ ಬಂತು.

ಆಮೇಲೆ 2002ರಲ್ಲಿ ಮೂರೂ ದೇಶಗಳು ಒಂದು ಜಲ ಸನ್ನದು ಬರೆದುಕೊಂಡವು. ತೀರ ಇಕ್ಕಟ್ಟಿನ ವರ್ಷ ಬಿಟ್ಟರೆ ಪ್ರತಿವರ್ಷ ಮನಂತಾಲಿಯಿಂದ ಕೃತಕ ನೆರೆ ಬಿಡಬೇಕು ಅನ್ನುವ ಮಾತು ಅದರಲ್ಲಿದೆ. ಹಂಚಿಕೆಯ ಕಾಗದದಲ್ಲಿ ನೆರೆಗೂ ಒಂದು ಸಾಲು ಸಿಕ್ಕಿತಲ್ಲ, ಸಣ್ಣ ವಿಷಯವಲ್ಲ. ಪಾಲಿಸುವುದು ಕಷ್ಟ. ನೆರೆಗೆಂದು ಒಮ್ಮೆಗೇ ಬಿಟ್ಟ ನೀರಿನಲ್ಲಿ ಒಂದಷ್ಟು ಟರ್ಬೈನಿಗೆ ಸಿಗುವುದೇ ಇಲ್ಲ. ಡಾಕಾರ್, ಬಮಾಕೋ ನಗರಗಳಿಗೆ ಕರೆಂಟು ಬೇಕೇ ಬೇಕು.

2006ರಲ್ಲಿ ಗಿನಿಯೂ ಸಂಸ್ಥೆಗೆ ಸೇರಿತು. 2022ರಲ್ಲಿ ಮಾಲಿಯ ಗೂಯಿನಾದಲ್ಲಿ 140 ಮೆಗಾವ್ಯಾಟ್ ವಿದ್ಯುತ್ ಕೇಂದ್ರ ಉದ್ಘಾಟನೆಯಾಯಿತು. ಮುಂದಿನ ಸರದಿಯಲ್ಲಿರುವುದು ಗಿನಿಯ ಕೂಕೂಟಾಂಬಾ ಅಣೆಕಟ್ಟು. ಜಾಗ ಬಫಿಂಗ್ ಹೊಳೆಯ ಮೇಲೆ, ಚಿಂಪಾಂಜಿಗಳ ಕಾಡಿನಲ್ಲಿ. ಮನಂತಾಲಿಗೆ ನೀರು ಬರುವುದೂ ಇದೇ ಹೊಳೆಯಿಂದ. ಇದು ಎದ್ದರೆ, ಕೆಳಗಿನ ನೆರೆಗೆ ಯಾವಾಗ, ಎಷ್ಟು ನೀರು ಬಿಡಬೇಕು ಅನ್ನುವುದನ್ನು ನಾಲ್ಕೂ ದೇಶಗಳು ಹೊಸದಾಗಿ ಕೂತು ಬರೆಯಬೇಕಾಗುತ್ತದೆ.

ನಮಸ್ಕಾರ.